ಹಿಮ್ಮುಖದ ಸೀಟು

ಕಾರು ಮಾರಾಟಕ್ಕಿದೆ ಎಂದು ಅಪ್ಪ ಇಂಟರ್ನೆಟ್ಟಿನಲ್ಲಿ ಹಾಕಿದ ಜಾಹೀರಾತನ್ನು ಓದಿದವರಿಗೆ, ಈ ಮನುಷ್ಯ ಮಾರಲು ಹೊರಟಿದ್ದಾನೋ ಅಥವಾ ಯಾರೂ ಹತ್ತಿರ ಸುಳಿಯಬಾರದೆಂದು ಎಚ್ಚರಿಸುತ್ತಿದ್ದಾನೋ ಎಂಬ ಅನುಮಾನ ಬಾರದೆ ಇರುತ್ತಿರಲಿಲ್ಲ. ಹಳೆಯ ಸ್ಟೇಷನ್ ವ್ಯಾಗನ್, ಕೊಂಡಾಗಿನಿಂದ ಒಂದೇ ಮನೆಯಲ್ಲಿದೆ, ಪೂರ್ತಿ ರಿಸ್ಟೋರ್ ಆಗಿದೆ ಎನ್ನುವಲ್ಲಿಗೆ ಹೊಗಳಿಕೆ ಮುಗಿದು ಅಲ್ಲಿಂದಾಚೆ ಬರೀ ದೂರು. ಎಡಗಡೆಯ ಹಿಂಬಾಗಿಲಿನ ಸಂದಿ ಕೆಳಗಿಳಿದಂತೆ ಕೂದಲೆಳೆಯಷ್ಟು ಅಗಲವಾಗುತ್ತದೆ. ಪಕ್ಕಗಳಿಗೆ ಅಂಟಿಸಿರುವ ಮರದ ಬಣ್ಣದ ಹಾಳೆ ಹೊಸದು, ಮೊದಲಿನದಕ್ಕಿಂತ ತುಸು ಕೆಂಪು. ಗಡಿಯಾರ ನಡೆಯುತ್ತದೆ, ಆದರೆ ತನಗೆ ತೋಚಿದ ಹಾಗೆ. ಅಪ್ಪ ಮಿಷಿಗನ್ನಿನಲ್ಲಿ ನಮ್ಮೂರಾದ ಸ್ಟರ್ಲಿಂಗ್ ಹೈಟ್ಸಿನ ಕಾರ್ಖಾನೆಯೊಂದರಲ್ಲಿ ತಯಾರಾಗಿ ಬಂದ ಕಾರುಗಳ ಮೈಯಲ್ಲಿ ಕುಂದು ಹುಡುಕುವ ಕೆಲಸದಲ್ಲಿ ಆಯುಸ್ಸು ಸವೆಸಿದವರು. ಸಂಜೆ ಮನೆಗೆ ಬಂದ ಮೇಲೂ ಆ ಕಣ್ಣು ಮುಚ್ಚುತ್ತಿರಲಿಲ್ಲ. ದೋಸೆಯ ಅಂಚು, ನನ್ನ ಬೈತಲೆ, ಗೋಡೆಗೆ ನೇತುಹಾಕಿದ ದೇವರ ಪಟ, ಎಲ್ಲವೂ ಅವರ ತಪಾಸಣೆಗೆ ಒಳಗಾಗಿ ಒಂದಲ್ಲ ಒಂದು ಕೊರತೆಯೊಂದಿಗೆ ಹೊರಬರುತ್ತಿದ್ದವು. ಕಾರು ನೋಡಲು ಬಂದವರಿಗೆ ಅಮ್ಮ ಉಪ್ಪಿಟ್ಟು, ಕಾಫಿ ಕೊಡುತ್ತಿದ್ದಳು, ಅಪ್ಪ ಗರಾಜಿನಲ್ಲಿ ನಿಂತು ದೋಷಗಳನ್ನು ವಿವರಿಸುತ್ತಿದ್ದರು. ಉಪ್ಪಿಟ್ಟು ಚೆನ್ನಾಗಿದೆ ಎಂದು ಹೇಳಿ ಹೋದವರು ಮತ್ತೆ ಫೋನ್ ಮಾಡುತ್ತಿರಲಿಲ್ಲ.

ಮಾರದೆ ವಿಧಿಯಿರಲಿಲ್ಲ. ಅಪ್ಪನ ಕಣ್ಣು ಮಂಜಾಗಿ ಅವರು ಡ್ರೈವ್ ಮಾಡುವುದನ್ನು ಬಿಟ್ಟಿದ್ದರು. ಅಮ್ಮನಿಗೆ ಕಾರು ಓಡಿಸುವುದು ಈಗಲೂ ಸಲೀಸು, ಆದರೆ ಬೇಸ್‌ಮೆಂಟಿನ ಮೆಟ್ಟಿಲು ಹತ್ತಿಳಿಯಲು ಮಂಡಿ ಕೇಳುತ್ತಿರಲಿಲ್ಲ. ನಾನಿರುವುದು ಷಿಕಾಗೋ ಪಕ್ಕದ ಲೊಂಬಾರ್ಡಿನಲ್ಲಿ. ನನ್ನ ಮನೆಯಿಂದ ನಡೆದುಹೋಗುವಷ್ಟು ಹತ್ತಿರ, ಮೆಟ್ಟಿಲ ಗೊಡವೆಯಿಲ್ಲದ ಅಪಾರ್ಟ್‌ಮೆಂಟೊಂದನ್ನು ಅವರಿಗಾಗಿ ಹುಡುಕಿದ್ದೆ. ಅಲ್ಲಿ ಗರಾಜಿಲ್ಲ. ಚಳಿಗಾಲ ಬಂದು ರಸ್ತೆಗೆ ಹಿಮ ಕರಗಿಸುವ ಉಪ್ಪು ಸುರಿಯುವ ಮೊದಲು ಕಾರು ಒಂದು ನೆಲೆ ಕಾಣಬೇಕು, ಇವರು ಲೊಂಬಾರ್ಡಿಗೆ ಬರಬೇಕು ಎಂಬುದು ನನ್ನ ಹಟ. ಕಾರಿನ ಮೋಹ ಬಿಡಲಾರದವರು ಅಪ್ಪ, ಅದಕ್ಕೇ ಬಂದವರನ್ನೆಲ್ಲ ಹೆದರಿಸಿ ಕಳಿಸುತ್ತಿದ್ದಾರೆ ಎಂದು ನಾನು ಫೋನಿನಲ್ಲಿ ರೇಗಾಡಿದ್ದೂ ಉಂಟು. ಬಿಡಲಾರದವಳು ಅಮ್ಮ ಎಂದು ಗೊತ್ತಾಗುವುದಕ್ಕೆ ನಿಜವಾಗಿ ಕೊಳ್ಳುವ ಒಬ್ಬ ಗಿರಾಕಿ ಬರಬೇಕಾಯಿತು. ಅದು ನಿಮಗೆ ಅರ್ಥವಾಗಬೇಕಾದರೆ ಅಜ್ಜಿಯ ಕಾಲಕ್ಕೆ ಹೋಗಬೇಕು.

ಅಜ್ಜಿ ಎಂದರೆ ಅಪ್ಪನ ಅಮ್ಮ. ತಾತ ಹೋದ ಮೇಲೆ ಅಪ್ಪ ಅವಳನ್ನು ಮೈಸೂರಿನಿಂದ ಕರೆತಂದು ನಮ್ಮ ಜೊತೆ ಇರಿಸಿಕೊಂಡರು. ನಾನಾಗ ಇನ್ನೂ ಸ್ಕೂಲ್ ಬಸ್ಸಿನ ಮೆಟ್ಟಿಲು ಹತ್ತಲು ಕೈಯೂರಬೇಕಾದಷ್ಟು ಚಿಕ್ಕವಳು. ನಮ್ಮದು ಒಂದೇ ಅಂತಸ್ತಿನ ಪುಟ್ಟ ಮನೆ, ಕೆಳಗೆ ಬೇಸ್‌ಮೆಂಟು. ಮೇಲಿನ ಅಡುಗೆಮನೆಯಲ್ಲಿ ಈರುಳ್ಳಿ ಹುಳಿ ಕುದಿಯುತ್ತದೆ, ಕಂಡವರೆಲ್ಲ ಶೂ ಹಾಕಿಕೊಂಡೇ ಒಳಗೆ ಬರುತ್ತಾರೆ ಎಂದು ಅಜ್ಜಿ ಎರಡು ದಿನ ಬರೀ ಬಾಳೆಹಣ್ಣು ತಿಂದುಕೊಂಡಿದ್ದಳು. ಕೊನೆಗೆ ಅಪ್ಪ ಬೇಸ್‌ಮೆಂಟಿನಲ್ಲಿ ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ಅವಳಿಗೊಂದು ಎಲೆಕ್ಟ್ರಿಕ್ ಒಲೆ ಇಟ್ಟುಕೊಟ್ಟರು. ಅಲ್ಲಿಂದ ಅದು ಅಜ್ಜಿಯ ಮಡಿ ಅಡುಗೆಮನೆಯಾಯಿತು. ಬಿಸಿಗಾಳಿಯ ಕೊಳವೆಯ ಕೆಳಗೆ ಹಗ್ಗ ಕಟ್ಟಿ, ಮಡಿ ಸೀರೆಯನ್ನು ಕೋಲಿನಿಂದ ಎತ್ತಿ ಹರವುತ್ತಿದ್ದಳು. ಅವಳ ಒಲೆಯ ಸುತ್ತಲಿನ ಸಿಮೆಂಟಿನ ನೆಲದಲ್ಲಿ ಗೆರೆಯೇನೂ ಇರಲಿಲ್ಲ, ಆದರೆ ಎಲ್ಲಿಯವರೆಗೆ ಹೋಗಬಹುದು ಎಂಬುದು ನನಗೂ ಅಮ್ಮನಿಗೂ ಚೆನ್ನಾಗಿ ಗೊತ್ತಿತ್ತು. ಅಜ್ಜಿಯ ಸಾರಿನ ಪರಿಮಳವೂ ಒಗೆಯುವ ಪುಡಿಯ ಪರಿಮಳವೂ ಒಟ್ಟಿಗೇ ಮೆಟ್ಟಿಲು ಹತ್ತಿ ಬರುತ್ತಿದ್ದವು.

ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ ಎಂಬುದು ಅಜ್ಜಿ ಚಿಕ್ಕಂದಿನಿಂದ ಪಾಲಿಸಿಕೊಂಡು ಬಂದ ನಿಯಮ. ಮೊದಲ ಚಳಿಗಾಲದಲ್ಲಿ ಅವಳು ಮುಂದಿನ ಕಿಟಕಿಯ ಹತ್ತಿರ ನಿಂತು ಬೀದಿ ನೋಡುತ್ತಿದ್ದಳು. ಅಂಚೆಯವನು, ಪಕ್ಕದ ಮನೆಯ ಪೋಲಿಷ್ ಆಂಟಿ, ಬಸ್ಸಿಗೆ ಕಾಯುವ ಮಕ್ಕಳು, ಎಲ್ಲರೂ ಟೋಪಿಯಿಂದ ಕೈಗವುಸಿನವರೆಗೆ ಉಣ್ಣೆಯಲ್ಲಿ ಮುಳುಗಿ ಓಡಾಡುತ್ತಿದ್ದರು. ಅಜ್ಜಿಯ ಮುಖ ಅರಳಿದ್ದನ್ನು ನಾನು ಅಂಥಾ ಚಳಿಯಲ್ಲಿ ಕಂಡಿದ್ದು ಅದೊಂದೇ ಸಲ.

"ಏನು ಜನವೇ ಪುಟ್ಟೀ ಇವರು, ಇಡೀ ಊರಿಗೆ ಊರೇ ಮಡೀಲಿದೆ."

ಅಂದಿನಿಂದ ನನಗೊಂದು ದಾರಿ ತೆರೆಯಿತು. ಸ್ವೆಟರ್ ಹಾಕಿಕೊಂಡರೆ ಅಜ್ಜಿಯ ತೊಡೆ ನನ್ನದು. ಅವಳ ಊಟದ ಮೊದಲೂ ಹತ್ತಬಹುದು. ಬೇಸಿಗೆಯಲ್ಲಿ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗಲೂ ನಾನು ನೀಲಿ ಉಣ್ಣೆಯ ಸ್ವೆಟರಿನಲ್ಲಿ ಬೆವರುತ್ತ ಅವಳ ಮಡಿಲಲ್ಲಿ ಕೂತು ಕಥೆ ಕೇಳುತ್ತಿದ್ದೆ. ನನ್ನ ವಯಸ್ಸಿನ ಇತರ ಕನ್ನಡದ ಮಕ್ಕಳು ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಕಾಲ ಅದು. ಇಂದು ನಾನು ಈ ಭಾಷೆಯಲ್ಲಿ ಬರೆಯುತ್ತಿದ್ದೇನೆಂದರೆ ಅದರ ಕೀರ್ತಿ ಒಂದಿಷ್ಟು ಆ ಸ್ವೆಟರಿಗೂ ಸಲ್ಲಬೇಕು.

ಸ್ಟೇಷನ್ ವ್ಯಾಗನ್ ಮನೆಗೆ ಬಂದದ್ದೂ ಆಗಲೇ. ಉದ್ದವೆಂದರೆ ಉದ್ದ, ಗರಾಜಿನ ಬಾಗಿಲು ಎಳೆದರೆ ಬಂಪರಿಗೆ ತಾಗಲು ಒಂದು ಗೇಣು ಉಳಿಯುತ್ತಿತ್ತು ಅಷ್ಟೆ. ಪಕ್ಕಗಳಲ್ಲಿ ಮರದ ಹಲಗೆ ಹೊಡೆದಂತೆ ಕಾಣುತ್ತಿತ್ತು. ಈ ದೇಶದಲ್ಲಿ ಮನೆಯ ಗೋಡೆಯೂ ಮರದ್ದೇ, ಕಾರೂ ಮರದ್ದೇನೋ ಎಂದು ಅಜ್ಜಿ ಬೆರಳು ಮಡಿಸಿ ಕುಟ್ಟಿ ನೋಡಿದಳು. ಅದು ಬರೀ ಅಂಟಿಸಿದ ಹಾಳೆ ಎಂದು ಗೊತ್ತಾದಾಗ, ಇಷ್ಟು ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗ ಇಂಥ ಮೋಸವನ್ನು ಮನೆಗೆ ತಂದನಲ್ಲ ಎಂದು ಬೇಸರಪಟ್ಟುಕೊಂಡಳು. ಆದರೂ ಶುಕ್ರವಾರ ಬಂತೆಂದರೆ ಬಾನೆಟ್ಟಿಗೆ ಅರಿಶಿನ ಕುಂಕುಮ ಇಡುತ್ತಿದ್ದಳು. ಬಣ್ಣಕ್ಕೆ ಕಲೆ ಹಿಡಿಯುತ್ತದೆಂದು ಅಪ್ಪ ಅದನ್ನು ಅವಳಿಗೆ ಕಾಣದ ಹಾಗೆ ಒರೆಸುತ್ತಿದ್ದರು.

ಮನೆಯ ನಿಜವಾದ ಜಗಳ ಶುರುವಾದದ್ದು ಅಮ್ಮನಿಗೆ ಲೈಸೆನ್ಸ್ ಬಂದಾಗ. ಅಪ್ಪನಿಗೆ ಮಧ್ಯಾಹ್ನದ ಶಿಫ್ಟು ಬಿದ್ದಿತ್ತು. ಅಮ್ಮನಿಗೆ ಹಲ್ಲಿನ ಡಾಕ್ಟರರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತ್ತು. ಅಪ್ಪ ಹೇಳಿಕೊಟ್ಟರೆ ಕಲಿಯುವುದಕ್ಕಿಂತ ಬೈಸಿಕೊಳ್ಳುವುದೇ ಹೆಚ್ಚಾಗುತ್ತದೆಂದು ಅವಳು ಡ್ರೈವಿಂಗ್ ಸ್ಕೂಲಿಗೆ ಸೇರಿ, ಸದ್ದಿಲ್ಲದೆ ಕಲಿತು, ಒಂದು ಸಂಜೆ ಲೈಸೆನ್ಸನ್ನು ತಂದು ದೇವರ ಮುಂದೆ ಇಟ್ಟಳು. ಅಜ್ಜಿ ಅದನ್ನು ನೋಡಿದಳು. ಆ ಹೊತ್ತಿನಿಂದ ಸೊಸೆಯೊಡನೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದಳು. ಅದಕ್ಕೆ ಮುಂಚೆ ದಿನಕ್ಕೆ ಹತ್ತು ಸಲ ವಿಮಲಾ, ವಿಮಲಾ ಎಂದು ಕೂಗುತ್ತಿದ್ದವಳ ಬಾಯಿಂದ ಆ ಹೆಸರೇ ಬಿದ್ದುಹೋಯಿತು. ಇಬ್ಬರೂ ಎದುರುಬದುರು ನಿಂತಿದ್ದರೂ ಮಾತು ನನ್ನ ಮೂಲಕವೇ ಹೋಗಬೇಕು.

"ಹೆಂಗಸು ಓಡಿಸೋ ಗಾಡೀಲಿ ನಾನು ಕಾಲಿಡಲ್ಲ ಅಂತ ನಿಮ್ಮಮ್ಮಂಗೆ ಹೇಳು."

"ಈ ಊರಲ್ಲಿ ನಮ್ಮನೆ ಮುಂದೆ ಬಸ್ಸು ಬರಲ್ಲ ಅಂತ ನಿಮ್ಮಜ್ಜಿಗೆ ಹೇಳು."

ಅಮ್ಮ ದನಿ ಎತ್ತಿದವಳಲ್ಲ. ಆದರೆ ಅವಳು ಸಣ್ಣ ದನಿಯಲ್ಲಿ ಹೇಳಿದ್ದನ್ನು ಯಾರೂ ಬದಲಿಸುವ ಹಾಗಿರಲಿಲ್ಲ. ಮೂರು ವಾರ ಅಜ್ಜಿ ಮನೆ ಬಿಟ್ಟು ಹೊರಡಲಿಲ್ಲ. ಅಷ್ಟರಲ್ಲಿ ಷಿಕಾಗೋಗೆ ಹೋಗುವ ದಿನ ಬಂತು. ಲೊಂಬಾರ್ಡಿನಲ್ಲಿ ಆಗ ಅಮ್ಮನ ತಮ್ಮ, ನನ್ನ ಮಾವ, ಇದ್ದ. ಅವನ ಮನೆಯಲ್ಲಿ ಇಳಿದುಕೊಂಡು ಡೆವಾನ್ ರಸ್ತೆಯ ಅಂಗಡಿಗಳಲ್ಲಿ ತೊಗರಿಬೇಳೆ, ಹುಣಿಸೆಹಣ್ಣು, ಅವಲಕ್ಕಿ ಕೊಂಡು, ಯಾವುದಾದರೂ ಸ್ಕೂಲಿನ ಹಾಲಿನಲ್ಲಿ ಕನ್ನಡದವರ ಹಬ್ಬವಿದ್ದರೆ ಅದನ್ನೂ ಮುಗಿಸಿಕೊಂಡು ಬರುವುದು ನಮ್ಮ ರೂಢಿ. ಅಪ್ಪನಿಗೆ ರಜೆ ಇಲ್ಲ. ಅಜ್ಜಿಗೆ ಅವಲಕ್ಕಿ ಮುಗಿದಿದೆ, ಹಬ್ಬಕ್ಕೆ ಹೋಗಬೇಕೆಂಬ ಆಸೆಯೂ ಇದೆ. ಆದರೆ ಹೂಡಿದ ಹಟದಿಂದ ಇಳಿದು ಬರಲು ಮೆಟ್ಟಿಲಿಲ್ಲ. ಆಗ ನಾನು ಅವಳ ಕೈ ಹಿಡಿದು ಕಾರಿನ ಹಿಂಭಾಗಕ್ಕೆ ಕರೆದುಕೊಂಡು ಹೋದೆ. ಡಿಕ್ಕಿಯ ನೆಲದಲ್ಲಿ ಮಡಿಸಿಟ್ಟ ಮೂರನೆಯ ಸೀಟೊಂದಿತ್ತು. ಎತ್ತಿ ನಿಲ್ಲಿಸಿದರೆ ಅದರ ಮುಖ ಹಿಂದಕ್ಕೆ. ಅದರಲ್ಲಿ ಕೂತವರಿಗೆ ಕಾಣುವುದು ಬಿಟ್ಟುಬಂದ ದಾರಿ ಮಾತ್ರ.

"ಇಲ್ಲಿ ಕೂತ್ಕೋ ಅಜ್ಜಿ. ಯಾರು ಓಡಿಸ್ತಿದಾರೆ ಅಂತ ಕಾಣೋದೇ ಇಲ್ಲ."

ಅಜ್ಜಿ ಸೀಟನ್ನು ಮುಟ್ಟಿ ನೋಡಿದಳು. ನಡುವಿನ ಸೀಟಿನವರ ಮೈ ತಗಲುವುದಿಲ್ಲ, ಬಾಗಿಲೂ ಬೇರೆ. ಮಡಿಗೂ ಸರಿ, ಹಟಕ್ಕೂ ಸರಿ. ಒಳಗೆ ಹೋಗಿ ತನ್ನ ಧಾಬಳಿಯನ್ನು, ಮಡಿಯಲ್ಲಿರುವಾಗ ಉಡುವ ಆ ಉಣ್ಣೆಯ ವಸ್ತ್ರವನ್ನು, ತಂದು ಸೀಟಿನ ಮೇಲೆ ಹಾಸಿ ಗಂಭೀರವಾಗಿ ಹತ್ತಿ ಕೂತಳು. ಪಕ್ಕದಲ್ಲಿ ಸ್ವೆಟರ್ ಹಾಕಿಕೊಂಡ ನಾನು. ಅಂದಿನಿಂದ ಆ ಸೀಟು ನಮ್ಮ ಮನೆಯ ಇನ್ನೊಂದು ಕೋಣೆಯೇ ಆಯಿತು. ಬೇಯಿಸಿದ ಅನ್ನ ಮುಸುರೆಯಾದ್ದರಿಂದ ಅಜ್ಜಿ ಪ್ರಯಾಣದಲ್ಲಿ ಗೊಜ್ಜವಲಕ್ಕಿ ಮಾತ್ರ ತಿನ್ನುತ್ತಿದ್ದಳು. ಅಮ್ಮ ಮುಂದಿನಿಂದ ಚಿತ್ರಾನ್ನದ ಡಬ್ಬಿ ದಾಟಿಸುತ್ತಿದ್ದಳು. ಎರಡೂ ಅಡುಗೆಮನೆಗಳ ತಿಂಡಿ ತಿಂದವಳು ಇಡೀ ಕಾರಿನಲ್ಲಿ ನಾನೊಬ್ಬಳೇ. ಅಪ್ಪ ಜೊತೆಗಿದ್ದ ಟ್ರಿಪ್ಪುಗಳಲ್ಲಿ ಅವರೇ ಓಡಿಸುತ್ತಿದ್ದರು. ಆಗಲೂ ಅಜ್ಜಿ ಅಲ್ಲೇ ಕೂರುತ್ತಿದ್ದಳು. ಮಗ ಓಡಿಸಿದರೆ ಒಂದು ಸೀಟು, ಸೊಸೆ ಓಡಿಸಿದರೆ ಇನ್ನೊಂದು ಸೀಟು ಎಂದು ಮಾಡಿದರೆ ಜಗಳ ಎಲ್ಲರೆದುರು ಒಪ್ಪಿಕೊಂಡ ಹಾಗಾಗುತ್ತದಲ್ಲ.

ವಾಪಸು ಬರುವಾಗ ನಡುವಿನ ಸೀಟು ಮಡಿಸಿ ಅಕ್ಕಿ ಮೂಟೆ, ಬೇಳೆ ಮೂಟೆ, ಬೇರೆ ಮನೆಯವರು ಹೇಳಿಕಳಿಸಿದ ಸಾಮಾನು ಎಲ್ಲ ಚಾವಣಿಯವರೆಗೆ ಪೇರಿಸಿರುತ್ತಿದ್ದರು. ಅಮ್ಮನ ಮುಂದಿನ ಕನ್ನಡಿಯಲ್ಲಿ ಅಕ್ಕಿ ಮೂಟೆ ಬಿಟ್ಟರೆ ಬೇರೇನೂ ಕಾಣದು. ಹಿಂದಿನ ಹೆದ್ದಾರಿಯೆಲ್ಲ ಕಾಣುತ್ತಿದ್ದುದು ಅಜ್ಜಿಗೆ. ಅವಳು ಸುಮ್ಮನೆ ಕೂರುವವಳೂ ಅಲ್ಲ.

"ಹಿಂದೆ ದೊಡ್ಡ ಲಾರಿ ಬರ್ತಾ ಇದೆ, ಈಗ ಆ ಕಡೆ ನುಗ್ಗಬೇಡ ಅಂತ ಹೇಳು."

ನಾನು ಮೂಟೆಗಳ ಸಂದಿಯಲ್ಲಿ ಬಾಯಿಟ್ಟು ಕೂಗುತ್ತಿದ್ದೆ. ಸರಿ ಅಂತ ಹೇಳು ಎಂದು ಮುಂದಿನಿಂದ ಉತ್ತರ ಬರುತ್ತಿತ್ತು. ಲಾರಿ ಹೋದ ಮೇಲೆ, ಹೋಯ್ತು ಅಂತ ಹೇಳು. ಅವರು ಹೇಳಿದ್ದನ್ನೆಲ್ಲ ನಾನು ಅಕ್ಷರಕ್ಕೆ ಅಕ್ಷರ ದಾಟಿಸುತ್ತಿದ್ದೆ ಎಂದುಕೊಳ್ಳಬೇಡಿ. ಅಜ್ಜಿಯ ಮಾತಿನ ಖಾರ ತೆಗೆದು, ಅಮ್ಮನ ಮಾತಿಗೆ ಒಂದು ದಯವಿಟ್ಟು ಸೇರಿಸಿ ಆಚೆ ಈಚೆ ಸಾಗಿಸುತ್ತಿದ್ದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಇಬ್ಬರೂ ನನಗೆ ಬೇಕಾದವರು, ಇಬ್ಬರ ಮಾತೂ ನನಗೆ ಚುಚ್ಚುತ್ತಿತ್ತು, ಅಷ್ಟೆ. ದೊಡ್ಡವಳಾದ ಮೇಲೆ ನಾನು ಆಸ್ಪತ್ರೆಯಲ್ಲಿ ದುಭಾಷಿಯಾದೆ. ನಮ್ಮ ಕಡೆಯ ವಯಸ್ಸಾದ ರೋಗಿಗಳ ಮಾತನ್ನು ಡಾಕ್ಟರರಿಗೂ ಡಾಕ್ಟರರ ಮಾತನ್ನು ಅವರಿಗೂ ತಲುಪಿಸುವುದು ನನ್ನ ಅನ್ನದ ದಾರಿ. ಅಲ್ಲಿ ಒಂದು ಮಾತನ್ನೂ ಸೇರಿಸುವ, ಬಿಡುವ ಹಾಗಿಲ್ಲ. ಮೊದಲ ವರ್ಷ ಆ ನಿಯಮ ಕಲಿಯಲು ನಾನು ಪಟ್ಟ ಪಾಡು ನನ್ನ ಸಹೋದ್ಯೋಗಿಗಳಿಗೆ ಅರ್ಥವೇ ಆಗುತ್ತಿರಲಿಲ್ಲ.

ಅಜ್ಜಿಗೆ ಊರಿನ ಹಂಬಲ ಹೆಚ್ಚಾಗಿ, ಮೈಸೂರಿನಲ್ಲಿದ್ದ ಚಿಕ್ಕಪ್ಪನ ಮನೆಗೆ ವಾಪಸು ಹೋಗುವುದೆಂದು ನಿರ್ಧಾರವಾಯಿತು. ವಿಮಾನ ಷಿಕಾಗೋದಿಂದ. ಆ ವಾರ ಕಾರ್ಖಾನೆಯಲ್ಲಿ ಹೊಸ ಮಾಡೆಲ್ ಶುರುವಾಗುತ್ತಿದ್ದುದರಿಂದ ಅಪ್ಪ ಅಲ್ಲಾಡುವಂತಿರಲಿಲ್ಲ. ಅಮ್ಮ ಓಡಿಸುವುದು, ನಾನು ಎಂದಿನಂತೆ ಅಜ್ಜಿಯ ಪಕ್ಕ ಕೂತು ಹೋಗುವುದು ಎಂದಾಗಿತ್ತು. ಹೊರಡುವ ಮುನ್ನಾದಿನ ನನಗೆ ಸೀತಾಳೆ ಎದ್ದಿತು. ಮೈತುಂಬ ಗುಳ್ಳೆ, ಜ್ವರ. ಅಪ್ಪನ ಶಿಫ್ಟು ಮುಗಿಯುವವರೆಗೆ ಪೋಲಿಷ್ ಆಂಟಿಯ ಸೋಫಾದ ಮೇಲೆ ನನ್ನನ್ನು ಮಲಗಿಸಿದರು. ಅವಳ ಕಿಟಕಿಯಿಂದ ನೋಡಿದೆ. ಅಜ್ಜಿ ಧಾಬಳಿ ಹಾಸಿ ತನ್ನ ಸೀಟಿನಲ್ಲಿ ಒಬ್ಬಳೇ ಕೂತಿದ್ದಳು. ಕಾರು ಹಿಂದಕ್ಕೆ ಬಂದು ಬೀದಿಗೆ ತಿರುಗಿ ಹೊರಟಿತು. ಅವಳ ಮುಖ ನನ್ನ ಕಡೆಗೇ ಇತ್ತು, ಹಾಗಾಗಿ ಬೀದಿಯ ತಿರುವಿನವರೆಗೂ ನಾವು ಒಬ್ಬರನ್ನೊಬ್ಬರು ನೋಡುತ್ತಲೇ ಇದ್ದೆವು. ನಾನು ಅತ್ತೆ. ಅಜ್ಜಿ ಹೋಗುತ್ತಿದ್ದಾಳೆ ಎಂಬ ದುಃಖ ಒಂದು ಕಡೆ, ಇಬ್ಬರೇ ಅಷ್ಟು ದೂರ ಹೇಗೆ ಹೋಗುತ್ತಾರೆ, ಮಾತು ಯಾರು ಸಾಗಿಸುತ್ತಾರೆ ಎಂಬ ಚಿಂತೆ ಇನ್ನೊಂದು ಕಡೆ. ಮರುದಿನ ಅಮ್ಮ ಬಂದವಳೇ ನನ್ನ ಹಣೆ ಮುಟ್ಟಿ ನೋಡಿ ಸಾರು ಮಾಡಲು ಹೋದಳು. ಕೇಳಿದರೆ, ಆರಾಮಾಗಿ ಹೋದರು ಎಂದಷ್ಟೇ ಹೇಳಿದಳು. ಮುಂದಿನ ವರ್ಷ ಅಜ್ಜಿ ಮೈಸೂರಿನಲ್ಲಿ ತೀರಿಕೊಂಡಳು.

ಆಮೇಲೆ ವ್ಯಾಗನ್ನಿಗೂ ವಯಸ್ಸಾಯಿತು. ಬೇರೆ ಕಾರು ಬಂತು. ಇದು ಗರಾಜಿನಲ್ಲಿ ತುಕ್ಕು ಹಿಡಿದು, ಮೇಲೆ ಹಳೆಯ ಡಬ್ಬಗಳನ್ನು ಹೊತ್ತುಕೊಂಡು ನಿಂತಿತ್ತು. ಅಪ್ಪ ರಿಟೈರಾದ ಮೇಲೆ ಹೊಸದಾಗಿ ಕುಂದು ಹುಡುಕಲು ಏನೂ ಸಿಗದೆ ಮನೆಯಲ್ಲಿ ತಾಪತ್ರಯ ಮಾಡತೊಡಗಿದಾಗ, ಆ ಕಾರನ್ನಾದರೂ ಸರಿಮಾಡಿ ಎಂದು ಅಮ್ಮನೇ ಅವರನ್ನು ಗರಾಜಿಗೆ ಅಟ್ಟಿದಳು. ಅಪ್ಪ ತುಕ್ಕು ಕತ್ತರಿಸಿ ತಗಡು ಬೆಸೆದರು, ಎಂಜಿನ್ ಬಿಚ್ಚಿ ಜೋಡಿಸಿದರು, ಬೆಲ್ಟುಗಳನ್ನು ಹೊಸದು ಮಾಡಿದರು, ಬಣ್ಣವನ್ನು ಎರಡು ಸಲ ಹೊಡೆಸಿ ಎರಡು ಸಲವೂ ಒಪ್ಪಲಿಲ್ಲ. ಅಮ್ಮ ಆ ಕೆಲಸದಲ್ಲಿ ಆಸಕ್ತಿ ತೋರಿಸಿದ್ದನ್ನು ನಾನು ಕಂಡಿಲ್ಲ. ಊಟಕ್ಕೆ ಕರೆಯಲು ಗರಾಜಿನ ಬಾಗಿಲವರೆಗೆ ಬರುತ್ತಿದ್ದಳು ಅಷ್ಟೆ.

ಆ ನಿಜವಾದ ಗಿರಾಕಿಯ ಹೆಸರು ವಾಲ್ಟ್. ಇಟಾಸ್ಕಾದವನು, ಸ್ಕೂಲ್ ಬಸ್ಸು ಓಡಿಸಿ ನಿವೃತ್ತನಾದವನು. ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಅಪ್ಪ ಹೇಳಿದ ದೋಷಗಳನ್ನೆಲ್ಲ ತಲೆದೂಗಿ ಕೇಳಿಸಿಕೊಂಡು, ಇಷ್ಟು ಪ್ರಾಮಾಣಿಕವಾಗಿ ಯಾರೂ ಕಾರು ಮಾರಿದ್ದನ್ನು ನೋಡಿಲ್ಲ, ನನಗೆ ಇದೇ ಬೇಕು ಎಂದುಬಿಟ್ಟನಂತೆ. ಹೀಗೂ ಆಗಬಹುದೆಂದು ಅಪ್ಪ ಎಣಿಸಿರಲಿಲ್ಲ. ಮಾತು ಮುಗಿದು ಕೈಕುಲುಕುವ ಹೊತ್ತಿಗೆ ವಾಲ್ಟ್ ಹಿಂದಿನ ಬಾಗಿಲು ತೆಗೆದು, ಈ ಸೀಟಿನಲ್ಲಿ ಮೊಮ್ಮಕ್ಕಳನ್ನು ಕೂರಿಸಲು ಸೊಸೆ ಬಿಡುವುದಿಲ್ಲ, ಇನ್ನು ಇದು ಮಡಿಸಿಯೇ ಇರುತ್ತದೆ ಎಂದು ನಗುತ್ತ ಸೀಟನ್ನು ಮಡಿಸಿ ನೆಲಕ್ಕೆ ಒತ್ತಿದ. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಅಮ್ಮ ಅದನ್ನು ನೋಡಿದಳು. ತಟ್ಟೆಯನ್ನು ವಾಲ್ಟನ ಹೆಂಡತಿಯ ಕೈಗೆ ಕೊಟ್ಟು, ಸೀಟನ್ನು ಮತ್ತೆ ಎತ್ತಿ ನಿಲ್ಲಿಸಿ, ಮಂಡಿ ನೋವನ್ನೂ ಲೆಕ್ಕಿಸದೆ ಹತ್ತಿ ಕೂತುಬಿಟ್ಟಳು.

"ಇದನ್ನ ಕೊಡಲ್ಲ ಅಂತ ಅವರಿಗೆ ಹೇಳಿ."

ಅಪ್ಪನಿಗೆ ದಿಕ್ಕು ತೋಚಲಿಲ್ಲ. ನನ್ನ ಹೆಂಡತಿಗೆ ಇನ್ನೊಂದು ದೋಷ ಸಿಕ್ಕಿದೆ, ಅದನ್ನು ಸರಿಮಾಡಿ ಫೋನ್ ಮಾಡುತ್ತೇನೆ ಎಂದು ಅವರನ್ನು ಸಾಗಹಾಕಿ ನನಗೆ ಫೋನ್ ಮಾಡಿದರು. ಶನಿವಾರ ನಾನು ಸ್ಟರ್ಲಿಂಗ್ ಹೈಟ್ಸಿಗೆ ಹೋದೆ. ದಾರಿಯುದ್ದಕ್ಕೂ ಕೋಪ ಮಾಡಿಕೊಂಡೇ ಹೋದೆ. ಕಷ್ಟಪಟ್ಟು ಹುಡುಕಿದ ಅಪಾರ್ಟ್‌ಮೆಂಟ್ ಕೈತಪ್ಪುವ ಹಾಗಿತ್ತು. ಅಮ್ಮ ಗರಾಜಿನಲ್ಲಿದ್ದಳು. ಬಾ ಎಂದು ಪಕ್ಕದ ಜಾಗ ತೋರಿಸಿದಳು. ನಾವಿಬ್ಬರೂ ಆ ಸೀಟಿನಲ್ಲಿ, ತೆರೆದ ಬಾಗಿಲಿಗೆ ಮುಖ ಮಾಡಿ, ಎದುರಿನ ಮನೆಯವರು ಎಲೆ ಗುಡಿಸುವುದನ್ನು ನೋಡುತ್ತ ಕೂತೆವು. ಅಜ್ಜಿಯ ಮೇಲೆ ನಿನಗೆ ಪ್ರೀತಿ ಯಾವಾಗಿತ್ತು, ಈಗ ಅವಳ ಸೀಟಿಗೆ ಯಾಕೆ ಇಷ್ಟು ಹಟ ಎಂದು ನಾನು ಕೇಳಿಯೇಬಿಟ್ಟೆ. ಅಮ್ಮ ಸೀಟಿನ ಅಂಚನ್ನು ಕೈಯಿಂದ ಸವರಿದಳು.

"ಅವತ್ತು ನೀನಿರ್ಲಿಲ್ವಲ್ಲ. ಅವರ ಪೆಟ್ಟಿಗೆಗಳು ಚಾವಣಿವರೆಗೂ ಇತ್ತು, ಹಿಂದೆ ಏನೂ ಕಾಣ್ತಿರ್ಲಿಲ್ಲ. ಅರ್ಧ ದಾರೀವರೆಗೂ ಇಬ್ರೂ ಪಿಟ್ಟೆನ್ನಲಿಲ್ಲ. ಒಂದು ಕಡೆ ನಾನು ಲೇನ್ ಚೇಂಜ್ ಮಾಡಕ್ಕೆ ಹೋದೆ. 'ವಿಮಲಾ, ಲಾರಿ, ತಡಿ' ಅಂತ ಕೂಗಿದ್ರು. ಪಕ್ಕದಲ್ಲೇ ಹೋಯ್ತು ಲಾರಿ. ಅಷ್ಟು ವರ್ಷ ಆದ್ಮೇಲೆ ನನ್ನ ಹೆಸರು ಹಿಡಿದು ಕರೆದಿದ್ದು ಅವತ್ತೇ."

"ಆಮೇಲೆ?"

"ಆಮೇಲೇನು, ಏರ್‌ಪೋರ್ಟ್ ಬರೋವರೆಗೂ ಮಾತೇ ಮಾತು. ಮಧ್ಯ ಪೆಟ್ಟಿಗೆ, ಇಬ್ರೂ ಕಿರುಚ್ಕೊಂಡೇ ಮಾತಾಡಿದ್ವಿ. ನನ್ನತ್ತೆ ನನ್ ಜೊತೆ ಮಾತಾಡಿದ್ದು ಇದೊಂದೇ ಜಾಗದಲ್ಲಿ ಕಣೇ. ಇದನ್ನೂ ಕೊಟ್ಬಿಟ್ರೆ ಅದು ಆಗಿತ್ತು ಅನ್ನೋಕೆ ನನ್ ಹತ್ರ ಏನಿದೆ?"

ಏನು ಮಾತಾಡಿದಿರಿ ಎಂದರೆ ಹೇಳಲಿಲ್ಲ. ನನಗಾದದ್ದು ಸಂತೋಷವೇ ಹೌದು, ಆದರೆ ಅದರಲ್ಲಿ ಸಂಕಟವೂ ಇತ್ತು. ಅವರಿಬ್ಬರನ್ನು ಕೂಡಿಸಿಟ್ಟಿದ್ದವಳು ನಾನು ಎಂಬ ಹೆಮ್ಮೆಯಲ್ಲೇ ನಾನು ಬೆಳೆದಿದ್ದೆ. ನಾನಿದ್ದಷ್ಟು ದಿನ ಅವರು ಮಾತಾಡಬೇಕಾಗಿಯೇ ಇರಲಿಲ್ಲ, ನಾನಿಲ್ಲದ ದಿನ ಮಾತಾಡಿದರು. ಸೀತಾಳೆ ಏಳದಿದ್ದರೆ ಅದೂ ಆಗುತ್ತಿರಲಿಲ್ಲ. ಇದು ಯಾರ ತಪ್ಪೂ ಅಲ್ಲವೆಂದು ಗೊತ್ತಿದ್ದರೂ ನಾನು ಅಮ್ಮನ ಭುಜಕ್ಕೆ ಒರಗಿಕೊಂಡು ಒಂದಿಷ್ಟು ಅತ್ತೆ. ಅಪಾರ್ಟ್‌ಮೆಂಟಿನ ಮಾತನ್ನು ಆ ದಿನ ಎತ್ತಲಿಲ್ಲ. ಗರಾಜಿರುವ ಬೇರೆ ಜಾಗ ಹುಡುಕೋಣವೆಂದು ಅಪ್ಪನೂ ನಾನೂ ಪಿಸುಗುಟ್ಟಿಕೊಂಡೆವು.

ಬೆಳಿಗ್ಗೆ ಅಮ್ಮ ತಾನಾಗಿಯೇ ಒಂದು ಷರತ್ತು ಹೇಳಿದಳು. ಕಾರನ್ನು ವಾಲ್ಟನಿಗೆ ಕೊಡೋಣ, ಟ್ರಕ್ಕಿನ ಮೇಲೆ ಹೇರಿ ಕಳಿಸುವುದು ಬೇಡ, ತಾನೇ ಓಡಿಸಿಕೊಂಡು ಹೋಗಿ ಮುಟ್ಟಿಸುವುದು. ಇಟಾಸ್ಕಾ ಎಂದರೆ ಷಿಕಾಗೋದ ಆ ವಿಮಾನ ನಿಲ್ದಾಣದ ಮಗ್ಗುಲೇ. ಅಂದು ಹೋದ ದಾರಿಯೇ. ನಾನು ಆ ಸೀಟಿನಲ್ಲೇ ಕೂರಬೇಕು. ಈ ವಯಸ್ಸಿನಲ್ಲಿ ಅಷ್ಟು ದೂರ, ಅದೂ ಇಷ್ಟು ಹಳೆಯ ಕಾರು ಎಂದು ಅಪ್ಪ ಶುರು ಮಾಡಿದರು. ಅಮ್ಮ ಸಣ್ಣ ದನಿಯಲ್ಲಿ, ನೀವು ಮುಂದಿನ ಸೀಟಿನಲ್ಲಿ ಕೂತ್ಕೊಳ್ಳಿ ಎಂದಳು. ಅಪ್ಪ ಕೂತರು.

ನಿಧಾನವಾಗಿ, ಬಲಗಡೆಯ ಲೇನು ಬಿಡದೆ, ಅಲ್ಲಲ್ಲಿ ನಿಲ್ಲಿಸಿ ಕಾಲು ಚಾಚಿಕೊಂಡು ಹೋದೆವು. ದಾಟಿ ಹೋಗುವ ಕಾರುಗಳಿಂದ ಜನ ಕೈಬೀಸುತ್ತಿದ್ದರು. ಹಿಂದಕ್ಕೆ ಮುಖಮಾಡಿ ಕೂತ ನನಗೆ ಮಿಷಿಗನ್ನಿನ ಹೊಲ, ಮರ, ಎಕ್ಸಿಟ್ಟುಗಳು ಒಂದೊಂದಾಗಿ ಸಣ್ಣದಾಗುತ್ತ ಹೋದವು. ಅಪ್ಪ ಬ್ರೇಕು ಕಿರುಗುಟ್ಟುತ್ತಿದೆ, ಸ್ಟಿಯರಿಂಗು ಎಡಕ್ಕೆ ಎಳೆಯುತ್ತಿದೆ ಎಂದು ಹೇಳುತ್ತಲೇ ಇದ್ದರು. ಷಿಕಾಗೋದ ದಟ್ಟಣೆ ದಾಟಿ ತಲೆಯ ಮೇಲೆ ವಿಮಾನಗಳು ತಗ್ಗಾಗಿ ಇಳಿಯುವುದು ಕಂಡಾಗ, ನನ್ನ ಬೆನ್ನ ಹಿಂದೆ, ಕಾರಿನ ಆ ತುದಿಯಿಂದ, ಅಮ್ಮನ ದನಿ ಬಂತು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನದು ಅವಳಿಗೆ.

"ಇಲ್ಲೇ ಎಲ್ಲೋ ನಾನು ಕೇಳ್ದೆ. ನನ್ ಮೇಲೆ ಇನ್ನೂ ಕೋಪ ಇದ್ಯಾ ಅತ್ತೆ ಅಂತ."

"ಏನಂದ್ಲು ಅಜ್ಜಿ?"

"'ಕೋಪ ಇಲ್ದೆ ಏನು, ನೀನು ಓಡಿಸೋದು ನೋಡಬಾರದು ಅಂತ್ಲೇ ಈ ಕಡೆ ತಿರುಗಿ ಕೂತವಳು ನಾನು. ಆದ್ರೆ ಒಂದು ಹೇಳ್ತೀನಿ ಕೇಳು ವಿಮಲಾ. ನನ್ ಮಗ ಓಡಿಸೋವಾಗ ಒಂದ್ಸಲಾನೂ ಕಣ್ಣು ಮುಚ್ಚಿಲ್ಲ, ಎದೆ ಹೊಡ್ಕೊಳ್ತಿರುತ್ತೆ. ನೀನು ಓಡಿಸಿದ್ರೆ ನಂಗೆ ನಿದ್ದೆ ಬರುತ್ತೆ' ಅಂದ್ರು."

ಮುಂದಿನ ಸೀಟಿನಲ್ಲಿ ಅಪ್ಪ ಇದನ್ನು ಕೇಳುತ್ತಿದ್ದುದು ಅದೇ ಮೊದಲು. ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಿತ್ತು. ಅಮ್ಮ ಎಕ್ಸಿಟ್ಟಿಗೆ ಕಾರು ತಿರುಗಿಸುತ್ತಿದ್ದಳು.

"ನಿಜ," ಎಂದರು ಅಪ್ಪ. "ನಂಗೂ ಅಷ್ಟೇ."